ಪರದೆಯ ಹಿಂದಿನ ಹಿಮ್ಮಡಿ

ಸದ್ದಪ್ಪ ಕೆಮ್ಮಿದ. ಕಪ್ಪು ಪರದೆಯ ಹಿಂದೆ ಹಿಮ್ಮಡಿಯೊಂದು ‘ಟಕ್’ ಎಂದಿತು. ಸದ್ಯ, ಅಕ್ಕ ಹಿಂಬಾಗಿಲಿನಿಂದ ಬಂದು ಕೂತಿದ್ದಾಳೆ. ಹೋದ ಜೀವ ಬಂದಂತಾಯಿತು.

“ನೆಗಡಿನಾ?” ತೆರಿಗೆ ಅಧಿಕಾರಿ ಕುರ್ಚಿ ಎಳೆದುಕೊಳ್ಳುತ್ತ ಕೇಳಿದರು. ನಡುವಯಸ್ಸಿನ ಹೆಂಗಸು, ದಪ್ಪ ಕನ್ನಡಕ.

“ಧೂಳು ಮೇಡಂ. ಹಳೇ ಸ್ಟುಡಿಯೋ ನೋಡಿ.”

ಧೂಳಲ್ಲ, ಅದು ಸಂಕೇತ. ಅವನು ಕೆಮ್ಮಿದರೆ ಅಕ್ಕ ಒಮ್ಮೆ ಹಿಮ್ಮಡಿ ಕುಟ್ಟಬೇಕು. ‘ನಾನಿದ್ದೇನೆ, ಶುರುಮಾಡು’ ಎಂದು ಅರ್ಥ. ವಾರವಿಡೀ ಇದರದೇ ತಾಲೀಮು. ಮೋಸ ಮಾಡಲಿಕ್ಕೂ ತಾಲೀಮು ಬೇಕಾದ ಮನುಷ್ಯ ಲೋಕದಲ್ಲಿ ತಾನೊಬ್ಬನೇ ಇರಬೇಕೆಂದು ಸದ್ದಪ್ಪನಿಗೇ ನಗು ಬಂದಿತ್ತು.

ಸಿನಿಮಾದವರಿಗೆ ಸದ್ದು ಮಾಡಿಕೊಡುವುದು ಈ ಅಕ್ಕತಮ್ಮನ ಕಸುಬು. ತೆರೆಯ ಮೇಲೆ ನಡೆಯುವವರು ಯಾರೇ ಇರಲಿ, ಕೇಳುವ ಹೆಜ್ಜೆ ಅಕ್ಕನದು. ಹಲಗೆಯ ಮೇಲೆ ಅವಳು ಕಾಲಿಟ್ಟರೆ ರಾಣಿ ನಡೆಯುತ್ತಿದ್ದಳು, ಜಲ್ಲಿಯ ಮೇಲಿಟ್ಟರೆ ಕಳ್ಳ. ತಮ್ಮನದು ಬಾಗಿಲು ಕಿರುಗುಟ್ಟಿಸುವ ಕೆಲಸ. ಬಿಡುವಿದ್ದಾಗ ಲೆಕ್ಕ ತಪ್ಪಿಸುವ ಕೆಲಸ. ಈಚೆಗೆ ಬಿಡುವೇ ಜಾಸ್ತಿಯಾಗಿತ್ತು.

ಅಷ್ಟರಲ್ಲಿ ಸರ್ಕಾರದ ಯೋಜನೆ ಬಂತು. ಕಲೆಯ ಕಸುಬಿನಲ್ಲಿ ಯಾರೂ ಮಾಡದ ಹೊಸದೊಂದನ್ನು ಕಂಡುಹಿಡಿದವರಿಗೆ ತೆರಿಗೆಯಲ್ಲಿ ಭಾರೀ ರಿಯಾಯಿತಿ. ಸಿಕ್ಕರೆ ಸ್ಟುಡಿಯೋ ಉಳಿದೀತು. ಸಿಗದಿದ್ದರೆ, ಪಕ್ಕದ ಹಾಸಿಗೆ ಅಂಗಡಿಯವನು ಗೋದಾಮು ಮಾಡಿಕೊಳ್ಳಲು ಅಳತೆಯ ಟೇಪು ಹಿಡಿದೇ ನಿಂತಿದ್ದಾನೆ.

ಸದ್ದಪ್ಪ ಯಂತ್ರ ಕಟ್ಟಿದ. ಬೂಟು ತೊಟ್ಟ ಎರಡು ಮರದ ಕಾಲು, ಒಂದು ತಗಡಿನ ಡಬ್ಬಿ, ಒಂದು ಮೈಕು. ಹೆಜ್ಜೆಗಳನ್ನು ಕೇಳಿ ಕೇಳಿ ಕಲಿಯಬೇಕು, ಬಾಯಲ್ಲಿ ಹೇಳಿದಂತೆ ನಡೆಯಬೇಕು. ಕಲಿಯಿತೇನೋ ನಿಜ. ಆದರೆ ಕಲಿಸಿದ ಗುರು ಸದ್ದಪ್ಪ. ರಾಣಿ ಎಂದರೂ ಕಳ್ಳ ಎಂದರೂ ಅದು ಅವನ ಹಾಗೆಯೇ, ಒದ್ದೆ ಚಪ್ಪಲಿ ಹಾಕಿದ ಬಾತುಕೋಳಿಯಂತೆ ನಡೆಯಿತು.

“ನೀನೇ ನಾಲ್ಕು ಹೆಜ್ಜೆ ಹೇಳಿಕೊಡಕ್ಕ” ಎಂದು ಅಂಗಲಾಚಿದ.

“ಡಬ್ಬಿಗೆ ಪಾಠ ಹೇಳೋಕೆ ನನ್ನ ಕಾಲು ಬಿಟ್ಟಿ ಬಿದ್ದಿಲ್ಲ. ಬೇಕಾದ್ರೆ ಅದರ ಪಕ್ಕ ಕೂತು ಆಫೀಸರ್‌ಗೆ ಟೋಪಿ ಹಾಕ್ತೀನಿ. ಅದರಲ್ಲಾದ್ರೂ ಒಂದು ಮರ್ಯಾದೆ ಇದೆ” ಎಂದಿದ್ದಳು ಅಕ್ಕ.

ಹಾಗೆಯೇ ಆಯಿತು. ಅವನು ಹೇಳುವುದು, ಅವಳು ನಡೆಯುವುದು. ತಾಲೀಮಿನ ಉದ್ದಕ್ಕೂ ಯಂತ್ರದ ಮೈಕಿನ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ‘ಕರೆಂಟು ದಂಡ, ಆರಿಸೋ’ ಎಂದು ಅಕ್ಕ ಬೈದರೂ ಅವನು ಆರಿಸಲಿಲ್ಲ. ನಾಟಕವೆಂದ ಮೇಲೆ ದೀಪ ಬೇಡವೇ?

“ಯಂತ್ರ ತೋರಿಸ್ತೀರಾ?” ಎಂದರು ಅಧಿಕಾರಿ.

“ಮೊದಲು ಕೇಳಿಬಿಡಿ ಮೇಡಂ. ಬೆಳಕು ಬಿದ್ರೆ ಹೆಜ್ಜೆ ತಪ್ಪುತ್ತೆ.”

“ಯಾಕೆ, ನಾಚಿಕೆನಾ ಅದಕ್ಕೆ?”

“ಹೊಸದಲ್ವಾ ಮೇಡಂ.”

ಅಧಿಕಾರಿ ನಗಲಿಲ್ಲ. “ಸರಿ. ಮೆಟ್ಟಿಲು ಹತ್ತೋ ಮುದುಕ.”

ಸದ್ದಪ್ಪ ಅದನ್ನೇ ಗಟ್ಟಿಯಾಗಿ ಹೇಳಿದ. ಪರದೆಯ ಹಿಂದೆ ಒಂದು ಕಾಲು ಊರಿತು, ಇನ್ನೊಂದು ತೆವಳಿತು. ನಡುವೆ ದಮ್ಮು ತೆಗೆಯುವಷ್ಟು ಬಿಡುವು.

“ಸಂಬಳದ ದಿನ ಮನೆಗೆ ಹೋಗೋ ಗುಮಾಸ್ತ.”

ಬೂಟು ಕುಣಿಯಿತು. ಅಕ್ಕ ಇವತ್ತು ತನ್ನನ್ನೇ ಮೀರಿಸುತ್ತಿದ್ದಳು. ಹುಟ್ಟಾ ನೆಗಡಿಯವಳು ಒಮ್ಮೆಯೂ ಮೂಗು ಸೊರಗುಟ್ಟಿಸಲಿಲ್ಲ.

ಅಧಿಕಾರಿ ದನಿ ತಗ್ಗಿಸಿದರು. “ಕೊನೆಯದು. ತಾಯಿ ಮಗಳ ಮನೆಗೆ ಹೇಳದೇ ಬಂದಿದ್ದಾಳೆ. ಒಳಗೆ ಗಂಡ ಹೆಂಡತಿ ಜಗಳ ಕೇಳುತ್ತೆ. ಕದ ತಟ್ಟದೆ ವಾಪಸ್ ಹೋಗ್ತಾಳೆ.”

ಇದು ತಾಲೀಮಿನಲ್ಲಿ ಇರಲಿಲ್ಲ. ಆದರೂ ಹೇಳಿದ.

ಉತ್ಸಾಹದ ಹೆಜ್ಜೆಗಳು ಬಂದವು. ನಿಂತವು. ಒಂದು ಹೆಜ್ಜೆ ಮುಂದೆ ಹೋಗಿ, ತಡೆದು, ಹಿಂದೆ ಸರಿಯಿತು. ಆಮೇಲೆ ಯಾರಿಗೂ ಕೇಳಿಸಬಾರದೆಂಬಂತೆ, ಬರೀ ತುದಿಗಾಲಿನಲ್ಲಿ, ದೂರ ದೂರ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮಮ್ಮ ಹೀಗೇ...” ಅರ್ಜಿ ಎಳೆದುಕೊಂಡು ಪೆನ್ನು ಬಿಚ್ಚಿದರು. “ಇದನ್ನ ಯಂತ್ರ ಮಾಡ್ತು ಅಂದ್ರೆ ನಂಬೋಕೇ ಆಗಲ್ಲ.”

“ನಂಬಬೇಡಿ ಮೇಡಂ.”

ಬಾಯಿ ತಾನಾಗಿ ಆಡಿಬಿಟ್ಟಿತ್ತು. ತೆರಿಗೆಗೆ ಟೋಪಿ ಹಾಕಲು ಅವನು ತಯಾರಿದ್ದ. ಕಣ್ಣೀರಿಗೆ ಹಾಕುವ ಅಳತೆಯ ಟೋಪಿ ಅವನ ಬಳಿ ಇರಲಿಲ್ಲ. ಅದೂ ಅಲ್ಲದೆ, ಅಕ್ಕನ ಕಾಲಿನ ಕೀರ್ತಿ ತಗಡಿನ ಡಬ್ಬಿಗೆ ಹೋಗುವುದನ್ನು ಹೇಗೆ ನೋಡುವುದು?

“ಅದು ನಮ್ಮಕ್ಕ. ನನ್ನ ಯಂತ್ರ ಬರೀ ಬಾತುಕೋಳಿ. ತಪ್ಪೆಲ್ಲ ನಂದೇ ಮೇಡಂ. ಪರದೆ ಮಾತ್ರ ಸರಿಸಬೇಡಿ, ಅವಳಿಗೆ ಅವಮಾನ ಆಗುತ್ತೆ.”

ಅಧಿಕಾರಿ ಪರದೆಯನ್ನೇ ನೋಡಿದರು. ಎದ್ದು ಹೋಗಿ ಸರಿಸಲಿಲ್ಲ. ಅರ್ಜಿಯನ್ನು ಅವನ ಮುಂದೆ ತಳ್ಳಿದರು. ‘ನನ್ನ ಯಂತ್ರ ಕೆಲಸ ಮಾಡುವುದಿಲ್ಲ’ ಎಂದು ಬರೆದು ಅವನು ಸಹಿ ಹಾಕಿದ.

“ನಿಮ್ಮಕ್ಕನಿಗೆ ಹೇಳಿ, ಅಂಥ ಕಾಲು ಇನ್ನೆಲ್ಲೂ ಇಲ್ಲ. ಆದ್ರೆ ಕಾಲಿಗೆ ರಿಯಾಯಿತಿ ಕೊಡೋಕೆ ಬರಲ್ಲ, ಹೊಸದಕ್ಕೆ ಮಾತ್ರ. ಕೇಸು ಹಾಕಲ್ಲ, ಹೆದರಬೇಡಿ. ಇಷ್ಟು ದಡ್ಡ ಕಳ್ಳನ್ನ ಕೋರ್ಟಿಗೆ ಕರ್ಕೊಂಡು ಹೋದ್ರೆ ನನಗೇ ನಾಚಿಕೆ.”

ಅವರ ಕಾರು ಹೊರಟ ಸದ್ದು ಕೇಳಿತು. ಸದ್ದಪ್ಪ ಪರದೆಯ ಕಡೆ ಮುಖ ಎತ್ತಲಾರದೆ ಕೂತ. ಹಾಸಿಗೆ ಅಂಗಡಿಯವನ ಟೇಪು ಕಣ್ಣ ಮುಂದೆ ಬಂತು.

“ಬೈದುಬಿಡಕ್ಕ” ಎಂದ.

ಬೈಯುವ ಅವಕಾಶವನ್ನು ಅಕ್ಕ ಕೈಬಿಟ್ಟದ್ದು ಜನ್ಮದಲ್ಲೇ ಮೊದಲು. ಅಷ್ಟು ನೊಂದಿದ್ದಾಳೆ, ಪಾಪ.

ಆಗ ಬೀದಿ ಬಾಗಿಲು ದಢಾರನೆ ತೆರೆಯಿತು. ಒಂದು ಕೈಯಲ್ಲಿ ಕಿತ್ತುಹೋದ ಚಪ್ಪಲಿ, ಇನ್ನೊಂದರಲ್ಲಿ ಹಿಂಬಾಗಿಲಿನ ಬೀಗದ ಕೈ. ಮೂಗು ಸೊರಗುಟ್ಟಿಸುತ್ತ, ಏದುಸಿರು ಬಿಡುತ್ತ ಅಕ್ಕ ಒಳಗೆ ನುಗ್ಗಿದಳು.

“ಬೈಬೇಡ ಕಣೋ, ನಮ್ಮ ಅಪಾರ್ಟ್‌ಮೆಂಟಿನ ಹಾಳಾದ ಲಿಫ್ಟು ಮಧ್ಯದಲ್ಲೇ ನಿಂತುಬಿಡ್ತು! ಆಫೀಸರ್ ಇನ್ನೂ ಬಂದಿಲ್ಲ ತಾನೇ?”

ಸದ್ದಪ್ಪ ಪರದೆಯ ಕಡೆ ತಿರುಗಿದ. ಕೆಮ್ಮಿದ.

ಪರದೆಯ ಹಿಂದೆ ಹಿಮ್ಮಡಿಯೊಂದು ‘ಟಕ್’ ಎಂದಿತು.