ಗುಣವಾದವರ ಮನೆ

ವಿಮೆಯವರಿಗೆ ಕಡಿಮೆ ಖರ್ಚು ತೋರಿಸುವ ಆಸ್ಪತ್ರೆಯಲ್ಲಿ ರೋಗಿಗಳು ನಿಜವಾಗಿ ಗುಣವಾಗುತ್ತಾರೆಯೇ ಎಂಬುದು ಪ್ರಫುಲ್ಲಾಳ ಸಂಶೋಧನೆ. ಬೆಳಗಿನಿಂದ ಹತ್ತಿಳಿದ ಮನೆಗಳಲ್ಲೆಲ್ಲ ಒಂದೇ ಉತ್ತರ: ಎಲ್ಲ ಚೆನ್ನಾಗಿದೆ. ಕಾಲುಗಳು ಸೋತುಹೋಗಿದ್ದವು. ಇದೊಂದು ಮನೆ ಮುಗಿಸಿದರೆ ಬಸ್ಸು ಹತ್ತಬಹುದಿತ್ತು.

ಆಸ್ಪತ್ರೆಯ ಹೆಸರು ಹೇಳಿ ಕೂಗಿದ ಮೇಲೆ ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ತೆರೆದ ಹೆಂಗಸಿನ ಹಣೆಯ ಕುಂಕುಮ ಆಗಷ್ಟೇ ಇಟ್ಟಂತೆ ಮೂಗಿನ ಮೇಲೆಲ್ಲ ಉದುರಿತ್ತು.

"ಆಸ್ಪತ್ರೆ ವಿಷಯ ಕೇಳೋಕೆ ಬಂದಿದೀನಮ್ಮ. ನಿಮ್ಮ ಯಜಮಾನರಿಗೆ ಅಲ್ಲೇ ಅಲ್ವಾ ಹಾರ್ಟ್ ಆಪರೇಷನ್ ಆಗಿದ್ದು?"

"ಹೂಂ ಕಣವ್ವ. ಎಲ್ಲ ವಿಮೆ ಕಾರ್ಡಲ್ಲೇ ಆಯ್ತು. ನಮ್ ಕೈಯಿಂದ ಏನೂ ಹೋಗ್ನಿಲ್ಲ."

"ಡಾಕ್ಟರು, ನರ್ಸುಗಳು ಚೆನ್ನಾಗಿ ನೋಡ್ಕೊಂಡ್ರಾ?"

"ಮನೆಯವ್ರಂಗೆ ನೋಡ್ಕಂಡ್ರು."

"ಈಗ ಹೇಗಿದಾರೆ?"

"ಗುಣ್ವಾಗವ್ರೆ. ಕೆಲ್ಸಕ್ಕೂ ಹೋಯ್ತಾವ್ರೆ."

ಪ್ರಫುಲ್ಲಾ 'ಪೂರ್ಣ ಗುಣ' ಎಂಬಲ್ಲಿ ಒತ್ತಿ, ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ಒಳಗೆ ಯಾರೋ ಏದುಸಿರು ಬಿಡುತ್ತ ಕೆಮ್ಮುವುದು ಕೇಳಿಸಿತು.

"ಯಾರಿಗಮ್ಮ ಹುಷಾರಿಲ್ಲ?"

"ಮಗಳಿಗೆ. ಅವ್ಳಿಗೂ ಹಾರ್ಟಿಂದೇ. ಸೋಮ್ವಾರ ನಿಮ್ಮಾಸ್ಪತ್ರೇಲೇ ಆಪರೇಷನ್ನು. ಕಾರ್ಡು ನಡೀತದಲ್ವ, ಏನೂ ತೊಂದ್ರೆ ಆಗಕಿಲ್ವಲ್ಲ?"

"ನಾನು ಆಸ್ಪತ್ರೆಯಿಂದ ಬಂದೋಳಲ್ಲಮ್ಮ, ಕಾಲೇಜಿಂದ ಬಂದಿರೋದು. ನೀವು ಏನು ಹೇಳಿದ್ರೂ ಆಸ್ಪತ್ರೆಯವರಿಗೆ ಗೊತ್ತಾಗಲ್ಲ. ಮಗಳ ಆಪರೇಷನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ."

ಹೆಂಗಸು ಬಾಗಿಲನ್ನು ಅಗಲವಾಗಿ ತೆರೆದಳು.

"ಹಂಗಾದ್ರೆ ಒಳಿಕ್ಕೆ ಬನ್ನಿ, ಕೂತ್ಕಳಿ," ಎಂದು ಚಾಪೆ ಹಾಸಿ, ಸೆರಗಿನ ತುದಿಯಿಂದ ಹಣೆಯ ಕುಂಕುಮವನ್ನು ಪೂರ್ತಿ ಒರೆಸಿಕೊಂಡಳು.