ಹದಿನಾಲ್ಕನೆಯ ನಂಬರು

ಕ್ರೀಡಾಂಗಣದಲ್ಲಿ ಒಂದು ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಒಂದು ಜಾಗದ ಬೆಲೆ ನೂರಿಪ್ಪತ್ತೈದು ಡಾಲರ್. ಎರಡು ಜಾಗ, ತಂಡ ಊರಿನಲ್ಲೇ ಆಡುವ ಎಂಟು ಆಟ. ಒಟ್ಟು ಎರಡು ಸಾವಿರ. ಅಷ್ಟು ಕೊಟ್ಟರೆ ಸಿಗುವುದು ಅಲ್ಯೂಮಿನಿಯಂ ಬೆಂಚಿನ ಮೇಲೆ ತಲೆಗೆ ಹದಿನೆಂಟು ಇಂಚು. ಹೆಂಡತಿ ಆರ್ಡಿಸ್ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರೂ ನಾರ್ಬರ್ಟ್ ಈ ವರ್ಷವೂ ಎರಡಕ್ಕೂ ದುಡ್ಡು ಕಟ್ಟಿದ್ದ. ಹದಿಮೂರನೆಯ ನಂಬರು ಅವನದು, ಹದಿನಾಲ್ಕು ಅವಳದು. ಏಳು ಆಟಗಳಿಗೆ ಒಬ್ಬನೇ ಹೋಗಿ ಬಂದ. ಹದಿನಾಲ್ಕನ್ನು ಯಾರಿಗೂ ಕೊಡಲಿಲ್ಲ, ಮಾರಲೂ ಇಲ್ಲ.

"ಗಾಳೀನ ಕೂರಿಸೋಕೆ ಸಾವಿರ ಡಾಲರ್ ಕೊಟ್ಟವನು ಈ ಊರಲ್ಲಿ ನೀನೊಬ್ಬನೇ ಇರಬೇಕು, ನಾರ್ಬ್" ಎಂದಳು ನಾದಿನಿ ಲವರ್ನ್. ಡಿಸೆಂಬರಿನ ಕೊನೆಯ ಆಟಕ್ಕೆ ಅವನೇ ಅವಳನ್ನು ಕರೆಸಿಕೊಂಡಿದ್ದ. ಮುಂದಿನ ವರ್ಷಕ್ಕೆ ಯಾವ ಯಾವ ಜಾಗ ಬೇಕೆಂದು ಬರೆದು ಕಳಿಸುವ ಕಾಗದ ವಾರದಿಂದ ಅವನ ಕೋಟಿನ ಜೇಬಿನಲ್ಲಿತ್ತು. ಜಾಗಕ್ಕಾಗಿ ಹೆಸರು ಬರೆಸಿ ಕಾಯುತ್ತಿರುವವರಿಗೆ ಲೆಕ್ಕವಿಲ್ಲ. ಒಮ್ಮೆ ಬಿಟ್ಟರೆ ಈ ಜನ್ಮದಲ್ಲಿ ಮರಳಿ ಸಿಗುವುದಿಲ್ಲ. ಒಂದನ್ನು ಬಿಟ್ಟುಬಿಡು ಎಂದು ಲವರ್ನ್ ದಾರಿಯುದ್ದಕ್ಕೂ ಹೇಳಿದಳು. ಮೊದಲು ಅಕ್ಕನ ಜಾಗದಲ್ಲಿ ಕೂತು ಆಟ ನೋಡು, ಆಮೇಲೆ ಮಾತಾಡೋಣ ಎಂದ ನಾರ್ಬರ್ಟ್.

ಒಳಗೆ ಹೋಗುವುದು ತಡವಾಯಿತು. ಕ್ರೀಡಾಂಗಣದ ಪಕ್ಕದ ಮನೆಯವರ ಹುಲ್ಲಂಗಳದಲ್ಲಿ ಕಾರು ನಿಲ್ಲಿಸಿದ ಮೇಲೆ, ಅಲ್ಲಿ ಕೆಂಡದ ಮೇಲೆ ಸುಡುತ್ತಿದ್ದ ಸಾಸೇಜನ್ನು ಲವರ್ನ್ ಒಂದು ತಿಂದು ಇನ್ನೊಂದು ಕೇಳಿದ್ದಳು. ಅವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರ ಮೂವತ್ತೊಂದನೆಯ ಸಾಲು ತುಂಬಿತ್ತು. ಸೆಪ್ಟೆಂಬರಿನಲ್ಲಿ ಬರೀ ಅಂಗಿ ತೊಟ್ಟು ಆರಾಮವಾಗಿ ಕೂರುವ ಇಪ್ಪತ್ತು ಜನ, ಡಿಸೆಂಬರಿನಲ್ಲಿ ಎರಡೆರಡು ಪ್ಯಾಂಟು, ಬೇಟೆಯ ಕೋಟು, ಕಂಬಳಿ ಸುತ್ತಿಕೊಂಡು ಮೂವತ್ತು ಜನರ ಗಾತ್ರವಾಗಿರುತ್ತಾರೆ. ನಾರ್ಬರ್ಟನ ಎರಡು ಜಾಗಗಳ ಎಡಕ್ಕೆ ಟ್ರೂಡಿ, ಬಲಕ್ಕೆ ಡೆಲ್ಮರ್. ಇಬ್ಬರೂ ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂರುವವರು. ಅವರ ನಡುವೆ ಒಬ್ಬರಿಗೆ ಸಾಲುವಷ್ಟು ಮಾತ್ರ ಜಾಗವಿತ್ತು.

"ಆಚೆ ಸರಿ ಡೆಲ್ಮರ್, ಆರ್ಡಿಸ್ ಜಾಗದಲ್ಲಿ ಕೂತಿದೀಯ" ಎಂದ ನಾರ್ಬರ್ಟ್.

"ನನ್ನ ಜಾಗದಲ್ಲಿ ಒಂದು ಬೋಲ್ಟಿದೆ. ಅದು ಎಲ್ಲಿ ಚುಚ್ಚತ್ತೆ ಅಂತ ನಂಗೊತ್ತು. ಇವತ್ತೂ ಅಲ್ಲೇ ಚುಚ್ತಿದೆ."

ಹಿಂದಿನ ಸಾಲಿನವರು ಆಟ ಕಾಣುತ್ತಿಲ್ಲ, ಕೂತುಕೊಳ್ಳಿ ಎಂದರು. ನಾರ್ಬರ್ಟ್ ಕೂರಲಿಲ್ಲ. ಹೊಸಬರಿಗೆ ಹೇಳಿದರೆ ಅರ್ಥವಾಗುತ್ತದೆ, ಹಳಬರೇ ಹೀಗೆ ಮಾಡಿದರೆ ಯಾರಿಗೆ ಹೇಳುವುದು ಎಂದು ಶುರುಮಾಡಿದವನು ಅಲ್ಲಿಗೆ ನಿಲ್ಲಿಸಲಿಲ್ಲ. "ಅವಳ ಮಣ್ಣಿಗೆ ಬಂದು ಅತ್ತವನು ನೀನು. ಅವಳ ಜಾಗ ನುಂಗೋಕೆ ಒಂದು ವರ್ಷ ಕಾಯೋಕಾಗಲಿಲ್ವಾ?"

ಡೆಲ್ಮರ್ ಮಂಡಿ ಹಿಡಿದುಕೊಂಡು ಎದ್ದು ನಿಂತ. ಅವನು ಕೂತಿದ್ದಲ್ಲಿ ಬೋಲ್ಟೂ ಇತ್ತು, ಬಿಳಿ ಬಣ್ಣದಲ್ಲಿ ಬರೆದ ಹದಿನೈದೂ ಇತ್ತು. ನಾರ್ಬರ್ಟ್ ಬಗ್ಗಿ ನಡುವಿನ ಖಾಲಿ ಜಾಗದ ಹಿಮವನ್ನು ಕೈಗವಸಿನಿಂದ ತಳ್ಳಿದ. ಅಡಿಯಲ್ಲಿ ಗಟ್ಟಿಯಾಗಿದ್ದ ಪದರವನ್ನು ಕಾರಿನ ಕೀಲಿಯಿಂದ ಕೆರೆದ. ಮೊದಲು ನಾಲ್ಕು ಕಂಡಿತು, ಆಮೇಲೆ ಅದರ ಹಿಂದಿನ ಒಂದು. ಏಳು ಆಟಗಳಲ್ಲಿ ಅವನು ಕೂತದ್ದು ಅದರ ಮೇಲೆಯೇ.

ಟ್ರೂಡಿ ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡಳು. "ನಿನ್ನ ಹದಿಮೂರು ನನ್ನ ಕೆಳಗಿದೆ, ನಾರ್ಬ್. ಮೊದಲನೇ ಆಟದ ದಿನವೇ ನೀನು ಆ ಕಡೆ ಸರಿದು ಕೂತೆ. ನೋಡಿದೆ, ಹೇಗೆ ಹೇಳೋದು ಅಂತ ಸುಮ್ಮನಾದೆ. ಅಕ್ಟೋಬರಲ್ಲಿ ನಮ್ಮಿಬ್ಬರ ಮಧ್ಯೆ ಚಳಿಗಾಳಿ ನುಗ್ಗೋಕೆ ಶುರುವಾಯ್ತು. ನಾನೂ ನಿನ್ನ ಕಡೆ ಸರಿದೆ."

ಅವಳು ಪಕ್ಕದವನನ್ನು ಮೊಣಕೈಯಿಂದ ತಿವಿದಳು, ಅವನು ತನ್ನ ಪಕ್ಕದವನನ್ನು. ಸಾಲಿನ ತುದಿಯವರೆಗೂ ಒಬ್ಬೊಬ್ಬರು ಎರಡೆರಡು ಇಂಚು ಬಿಟ್ಟುಕೊಟ್ಟ ಮೇಲೆ ಹದಿಮೂರು ಬಯಲಾಯಿತು. ನಾರ್ಬರ್ಟ್ ಕಂಕುಳಲ್ಲಿದ್ದ ಎರಡು ರಟ್ಟುಗಳನ್ನು ಕಾಂಕ್ರೀಟಿನ ಮೇಲೆ ಹಾಸಿದ. ಪಾದಕ್ಕೆ ಚಳಿ ಏರದಿರಲೆಂದು ಆರ್ಡಿಸ್ ತರುತ್ತಿದ್ದಂತೆ ಅವನೂ ಪ್ರತಿ ಸಲ ಎರಡು ತರುತ್ತಿದ್ದ. ಲವರ್ನ್ ಒಂದರ ಮೇಲೆ ಕಾಲಿಟ್ಟು ಹದಿಮೂರರಲ್ಲಿ ಕೂತಳು. ಅವನು ಹದಿನಾಲ್ಕರಲ್ಲೇ ಕೂತು ಫ್ಲಾಸ್ಕಿನ ಮೊದಲ ಲೋಟ ಕಾಫಿಯನ್ನು ಡೆಲ್ಮರನ ಕೈಗೆ ಕೊಟ್ಟ. ಡೆಲ್ಮರ್ ಕುಡಿದು ಲೋಟ ವಾಪಸು ಮಾಡಿದ. ಅವರಿಬ್ಬರ ನಡುವೆ ಅಷ್ಟಕ್ಕೆ ಮುಗಿಯಿತು.

ಕೆಳಗೆ ತಮ್ಮ ತಂಡದವನೊಬ್ಬ ಚೆಂಡನ್ನು ಎದೆಗವಚಿಕೊಂಡು ಓಡಿ, ಗೆರೆ ಮುಟ್ಟಲು ಒಂದು ಮಾರು ದೂರವಿರುವಾಗ ನಾಲ್ವರ ಕೆಳಗೆ ಬಿದ್ದ. ಆಟ ಹಾಗೆಯೇ ಕೈತಪ್ಪಿತು. ಜನ ಏಳತೊಡಗಿದಾಗ ನಾರ್ಬರ್ಟ್ ಜೇಬಿನಿಂದ ಕಾಗದ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು. ಕಂಕುಳಲ್ಲಿ ಅದುಮಿಟ್ಟು ಬಿಸಿಮಾಡಿ ಒಂದು ಅಡ್ಡಗೆರೆ ಎಳೆದ.

ಲವರ್ನ್ ಇಣುಕಿ ನೋಡಿದಳು. "ನಾನು ಬಿಡು ಅಂದಿದ್ದು ಅವಳದನ್ನ."

"ಗೊತ್ತು" ಎಂದ ನಾರ್ಬರ್ಟ್.

ವರ್ಷಕ್ಕೆ ಸಾವಿರ ಡಾಲರ್ ಉಳಿಯಿತು. ಹೋದದ್ದು ಹದಿಮೂರು.