ಅನುಮಾನ ಬಂದರೆ ಸಾಕು

"ಫೋನ್ ನೀವು ಮಾಡ್ತೀರೇನು, ನಾ ಮಾಡ್ಲಿ?" ರಾಣಿ ಕೇಳಿದಳು.

ಅವಳು ಸಾಲಹಳ್ಳಿ ಯುವಕ ಮಂಡಳದ ಸ್ವಯಂಸೇವಕಿ. ಖೋಖೋದಲ್ಲಿ ಬಿದ್ದ ಎಂಟು ವರ್ಷದ ಪ್ರಜ್ಞಾಳ ಅಂಗಿ ಸರಿಪಡಿಸುವಾಗ, ಹೊಕ್ಕುಳ ಸುತ್ತ ಮೂರು ಸುಟ್ಟ ಗುರುತು ನೋಡಿದ್ದಳು. ಯಾರು ಸುಟ್ಟರೆಂದರೆ ಹುಡುಗಿ ಬಾಯಿ ಬಿಡಲಿಲ್ಲ. "ಆಯ್ತವಾರ ಇನ್ನೊಂದ ಸಲ ಐತಿ" ಎಂದಷ್ಟೇ ಹೇಳಿ ಅತ್ತಳು.

"ನಾನ ಮಾಡತೇನಿ. ಅಧ್ಯಕ್ಷ ಅದೇನಿ" ಎಂದ ಸಾಗರ. ಅಂದು ಗುರುವಾರ, ಭಾನುವಾರಕ್ಕೆ ಮೂರೇ ದಿನ.

ಹೋದ ತಿಂಗಳು ರಾಮದುರ್ಗದಲ್ಲಿ ತರಬೇತಿ ಪಡೆದು ಬಂದವನು ಇವನೇ. ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಸಾಕು, ಸಾಕ್ಷಿ ಹುಡುಕುವುದು ನಮ್ಮ ಕೆಲಸವಲ್ಲ, ತಿಳಿಸುವುದು ಕರ್ತವ್ಯ. ಇದನ್ನು ಮೈಕಿನಲ್ಲಿ ಎಷ್ಟು ಸಲ ಕೂಗಿದ್ದನೆಂದರೆ ಬಸ್ ಸ್ಟ್ಯಾಂಡಿನ ಎಮ್ಮೆಗಳಿಗೂ ಕಾನೂನು ಬಾಯಿಪಾಠವಾಗಿತ್ತು.

ಶುಕ್ರವಾರ ಮೊಬೈಲಿಗೆ ಚಾರ್ಜ್ ಇರಲಿಲ್ಲ. ಶನಿವಾರ ಚಾರ್ಜ್ ಇತ್ತು, ನೆಟ್‌ವರ್ಕ್ ಇರಲಿಲ್ಲ. ನೆಟ್‌ವರ್ಕ್ ಇದ್ದ ಕಡೆ ಜನ ಇದ್ದರು. ಮಕ್ಕಳ ಸಹಾಯವಾಣಿ 1098 ಎಂದು ನಾಲ್ಕು ಸಲ ಒತ್ತಿ ನಾಲ್ಕು ಸಲವೂ ಅಳಿಸಿದ. ಎಂಥ ಹುಲಿಯಪ್ಪಾ ನಾನು, ಎಂದು ತನಗೆ ತಾನೇ ಶಭಾಸ್ ಹೇಳಿಕೊಂಡ.

ಹುಡುಗಿಯ ಅಪ್ಪ ಪರಪ್ಪ ಕಬ್ಬಿನ ಲಾರಿಯ ಚಾಲಕ. ವಾರವೆಲ್ಲ ಹೊರಗೆ, ಭಾನುವಾರ ಮಾತ್ರ ಮನೆಯಲ್ಲಿ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಸಿಟ್ಟು. ಶನಿವಾರ ಸಂಜೆ ಅವನೇ ಎದುರಾದ.

"ನಮ್ಮ ಹುಡುಗಿ ವಿಷಯ ನಿನಗ ಗೊತ್ತೈತಿಲ್ಲ? ನಾಳಿ ಒಂದ ದಿನ. ಆಮ್ಯಾಲ ಆಕಿ ಅಳೂದಿಲ್ಲ."

"ಹೂನ್ರಿ ಅಣ್ಣಾ" ಎಂದು ಅಧ್ಯಕ್ಷರು ಹಲ್ಲು ಕಿರಿದರು. ಆ ಹಲ್ಲುಗಳ ಬಗ್ಗೆ ಸಾಗರನಿಗೆ ರಾತ್ರಿಯೆಲ್ಲ ಅಸಹ್ಯ.

"ಮೂರ ದಿನಾ ಆತು, ರೊಟ್ಟಿ ಮುಟ್ಟವಲ್ಲಿ. ಯಾರ ಮ್ಯಾಲ ಸಿಟ್ಟು?" ಅವ್ವ ಶಟ್ಟೆವ್ವ ತಟ್ಟೆ ಮುಂದಿಟ್ಟು ಕೇಳಿದಳು.

"ನನ್ನ ಮ್ಯಾಲ" ಎಂದ. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಾಗ ಓಣಿಯ ತುದಿಯಲ್ಲಿ ಪರಪ್ಪ ಕಂಡ. ಮಗಳ ರಟ್ಟೆ ಹಿಡಿದು ಎಳೆದು ತರುತ್ತಿದ್ದ. ಪ್ರಜ್ಞಾ ಚೀರುತ್ತಿದ್ದಳು. ಸಾಗರ ಎದ್ದು ನಿಂತ. ಐದನೆಯ ಸಲ ನಂಬರ್ ಒತ್ತಿದ. ಈ ಸಲ ಅಳಿಸಲಿಲ್ಲ.

"ಸುಡುವವರು ಅವಳ ಅಪ್ಪನೇ?" ಆ ಕಡೆಯ ಮಹಿಳೆ ಕೇಳಿದಳು.

"ಅಲ್ರಿ, ನಮ್ಮವ್ವ. ಹೊಟ್ಟಿನೋವಿಗಂತ ಊರ ಮಕ್ಕಳಿಗೆಲ್ಲಾ ಬರಿ ಹಾಕತಾಳ. ಒಳಗ ದಬ್ಬಣ ಕಾಯಿಸಾಕ ಹತ್ಯಾಳ್ರಿ. ನಾ ಬಾಗಲಕ್ಕ ಅಡ್ಡ ನಿಂತೇನಿ, ಲಗೂ ಬರ್ರಿ."